ಸೇಬಿನ ಶಿಂದಿ

ಮನೋಳಿಯ ಔಷಧಿ ಅಂಗಡಿಯಲ್ಲಿ ಮೊನ್ನೆ ಕಾಕಾ ಒಬ್ಬರು ಬಾಟಲಿಯೊಂದನ್ನು ಕಣ್ಣಿನ ಹತ್ತಿರ ಹಿಡಿದು ಅಕ್ಷರ ಕೂಡಿಸಿ ಓದುತ್ತಿದ್ದರು: ‘ಆ್ಯಪಲ್ ಸೈಡರ್ ವಿನೆಗರ್’. ಶುಗರಿಗೆ ಚಲೋ ಅಂತ ಮಗಳು ಫೋನಿನಲ್ಲಿ ಹೇಳಿದ್ದಳಂತೆ. ‘ಆ್ಯಪಲ್ ಗೊತ್ತಾತು. ವಿನೆಗರ್ ಅಂದ್ರ ಶಿರ್ಕಾ. ನಡುವಿನ ಸೈಡರ್ ಅಂದ್ರೇನ್ರಿ ಸರ?’ ಎಂದು ನನ್ನನ್ನು ಕೇಳಿದರು.

‘ಸೇಬಿನ ಶಿಂದಿ ರೀ, ಕಾಕಾ.’

ಬಾಟಲಿ ಮೆಲ್ಲಗೆ ಗಾಜಿನ ಕಪಾಟಿನ ಮೇಲೆ ಕೂತಿತು. ‘ಶಿವಶಿವಾ’ ಎಂದು ಕಾಕಾ ಧೋತರಕ್ಕೆ ಕೈ ಒರೆಸಿಕೊಂಡರು.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸೇಬನ್ನು ಜಜ್ಜಿ ಹಿಂಡಿದ ರಸ ಹುದುಗೆದ್ದು ಅಮಲೇರಿದರೆ ಸೈಡರ್. ಮುನವಳ್ಳಿ ಬಾಯಲ್ಲಿ ಸವೆದು ಮನೋಳಿ ಆದ ಹಾಗೆ ಆ ಮಾತೂ ಸವೆಯುತ್ತ ಬಂದದ್ದು. ಹೀಬ್ರೂವಿನ ‘ಶೇಖಾರ್’ ಗ್ರೀಕರಲ್ಲಿ ‘ಸಿಕೆರ’, ಲ್ಯಾಟಿನ್ನಿನಲ್ಲಿ ‘ಸಿಕೆರಾ’ ಆಗಿ, ಫ್ರೆಂಚರ ಬಾಯಿ ದಾಟಿ ಸೈಡರ್ ಆಯಿತು. ಮೊದಲು ಅದಕ್ಕೆ ಸೇಬಿನ ಹಂಗೇ ಇರಲಿಲ್ಲ, ಅಮಲೇರಿಸುವುದೆಲ್ಲ ಶೇಖಾರ್. ಅದರ ಬಳಗದ ‘ಶಿಕಾರು’ ಬ್ಯಾಬಿಲೋನಿನಲ್ಲಿ ಮೊದಲು ಜವೆಯ ಬಿಯರು, ಆಮೇಲಾಮೇಲೆ ಖರ್ಜೂರದ್ದು. ಖರ್ಜೂರವೂ ನಮ್ಮ ಈಚಲೂ ಒಂದೇ ಕುಲದ ಮರಗಳು. ಬೇರು ಕೆದಕಿದರೆ ಸೈಡರು ಶಿಂದಿಯ ಓಣಿಗೇ ಬಂದು ನಿಲ್ಲುತ್ತದೆ.

ಶಿಂದಿ ಎಂಬುದು ಮರಾಠಿಯಲ್ಲಿ ಈಚಲು ಮರದ ಹೆಸರು. ನಮ್ಮ ಕಡೆ ಗಿಡಕ್ಕೂ ಅದೇ, ಗಡಿಗೆಯೊಳಗಿನದಕ್ಕೂ ಅದೇ. ಮೈಸೂರು ಕಡೆಯವರು ಹೆಂಡ ಅಂದರು, ಕರಾವಳಿಯವರು ಕಳ್ಳು ಅಂದರು. ಗಡಿಗೆಯ ಒಳಗೆ ಸುಣ್ಣ ಬಳಿದು ರಾತ್ರಿ ಕಟ್ಟಿದರೆ ಬೆಳಿಗ್ಗೆ ಇಳಿಯುವುದು ಸಿಹಿ ನೀರಾ. ಸುಣ್ಣವಿಲ್ಲದಿದ್ದರೆ ಬಿಸಿಲೇರುವ ಹೊತ್ತಿಗೆ ನೊರೆ ಉಕ್ಕಿ ಶಿಂದಿ. ಹಾಗೇ ಬಿಟ್ಟರೆ ಗಾಳಿ ತಾಗಿ ಅಮಲು ಆಮ್ಲವಾಗಿ ಶಿರ್ಕಾ. ಕಾಕಾ ಕೆಳಗಿಟ್ಟ ಬಾಟಲಿ ಸೇಬಿನ ಈ ಮೂರನೆಯ ಅವಸ್ಥೆ. ಅಮೆರಿಕದವರಂತೂ ಹುದುಗದ ಸೇಬಿನ ರಸವನ್ನೇ ಸೈಡರ್ ಅಂದುಬಿಟ್ಟು, ಅಮಲಿನದಕ್ಕೆ ‘ಹಾರ್ಡ್’ ಎಂಬ ಬಾಲ ಹಚ್ಚಿದ್ದಾರೆ. ಅಲ್ಲಿನ ಸೈಡರ್ ನಮ್ಮ ನೀರಾ.

ಶಿಂದಿಗೆ ಇಂಥ ಸಲೀಸು ಸಿಗಲಿಲ್ಲ. ಬ್ರಿಟಿಷರಿಗೆ ಶಿಂದಿ ಗಿಡವೆಂದರೆ ಅಬಕಾರಿ ರೊಕ್ಕ. ಚಳವಳಿಗಾರರು ಕೊಡಲಿ ಎತ್ತಿದ್ದು ಅದಕ್ಕೇ. 1930ರ ಮೇ 8ರಂದು ಸೊಲ್ಲಾಪುರದಲ್ಲಿ ಶಿಂದಿ ಗಿಡ ಕಡಿಯುವುದರಿಂದ ಹೊತ್ತಿದ ಕಿಡಿ ಗೋಲಿಬಾರ್, ಮಾರ್ಷಲ್ ಲಾ ತನಕ ಹೋಯಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ ಸೇರಿ ನಾಲ್ವರು ಗಲ್ಲಿಗೇರಿದರು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲೂ ಈಚಲ ಮರಗಳು ಉರುಳಿದವು. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ನಮ್ಮೂರಿಗೆ 1949ರ ಪಾನಬಂದಿ ಕಾಯಿದೆಯೂ ಬಂತು. ಕುಡಿತ ಮನೆ ಮುರಿದದ್ದು ಖರೆ. ಆದರೆ ಅದರ ಮಸಿ ಇಡಿಯಾಗಿ ಮೆತ್ತಿಕೊಂಡದ್ದು ಒಂದು ಮಾತಿಗೆ. ದೇಶ ಸುತ್ತಿ ಬಂದ ಸೈಡರಿಗೆ ಆ ಚರಿತ್ರೆ ಗೊತ್ತಿಲ್ಲ, ನೇರ ಔಷಧಿ ಅಂಗಡಿಗೇ ಇಳಿಯಿತು.

‘ಅಮಲು ಹೋಗಿ ಬರೇ ಹುಳಿ ಉಳದೈತ್ರಿ ಕಾಕಾ, ಮೈಲಿಗಿ ಏನಿಲ್ಲ. ಆದರ ಇದನ್ನ ನೆಚ್ಚಿ ಶುಗರಿನ ಗುಳಿಗಿ ಬಿಡಬ್ಯಾಡ್ರಿ’ ಅಂದೆ. ಅವರು ಗುಳಿಗೆಯಷ್ಟೇ ಕಟ್ಟಿಸಿಕೊಂಡರು. ಹೋಗುವಾಗ ತಿರುಗಿ, ‘ಹಂಗಾದ್ರ ಶಿಂದೀದೂ ಶಿರ್ಕಾ ಆಕ್ಕೈತೇನು?’ ಅಂದರು.

ಆಗುತ್ತದೆ. ಮಂಗಳೂರು, ಗೋವಾದ ಕ್ರಿಶ್ಚಿಯನ್ನರ ಅಡುಗೆಮನೆಗಳಲ್ಲಿ ತೆಂಗಿನ ಕಳ್ಳಿನ ಶಿರ್ಕಾ ತಲೆಮಾರುಗಳಿಂದ ಮೀನು, ಮಾಂಸದ ಸಾರಿಗೆ ಹುಳಿ ಕೊಡುತ್ತಿದೆ. ಅದನ್ನು ಯಾರೂ ಔಷಧಿ ಎಂದು ಕರೆದಿಲ್ಲ.