ಸಿಂಹಗಿರಿಯ ಕನ್ನಡಿಗೋಡೆ

ಸಿಂಹಳದ್ವೀಪವನ್ನು ನೋಡಲೆಂದು ಹೋಗುವವರಿಗೆ ಅಲ್ಲಿ ನೋಡತಕ್ಕ ವಸ್ತುಗಳ ಬಡತನವಿಲ್ಲ. ಗಾಲೆಯ ಕೋಟೆಯ ಮೇಲೆ ಸಂಜೆಯ ಕಡಲಗಾಳಿಯಲ್ಲಿ ತಿರುಗಾಡಬಹುದು. ಚಹದ ತೋಟಗಳ ನಡುವೆ ಬೆಟ್ಟವೇರುವ ರೈಲಿನಲ್ಲಿ ಕುಳಿತು ಕಣಿವೆಗಳನ್ನು ನೋಡಬಹುದು. ಯಾಲದ ಕಾಡಿನಲ್ಲಿ ಚಿರತೆಯನ್ನೂ, ಬೇಸಗೆಯಲ್ಲಿ ಮಿನ್ನೇರಿಯ ಕೆರೆಯಂಗಳದಲ್ಲಿ ಆನೆಗಳ ಹಿಂಡುಗಳನ್ನೂ ಕಾಣಬಹುದು. ಇವೆಲ್ಲವೂ ಈಚಿನ ವಿನೋದಗಳೆಂದೂ, ಬರಿಯ ನೋಟದ ಸಂತೋಷಕ್ಕಾಗಿ ಮನೆಬಿಟ್ಟು ಹೊರಡುವ ಪದ್ಧತಿಯು ಹೊಗೆಹಡಗು ರೈಲುಗಳ ಕಾಲದಲ್ಲಿ ಹುಟ್ಟಿತೆಂದೂ, ಪೂರ್ವಿಕರು ತೀರ್ಥಯಾತ್ರೆಯನ್ನಲ್ಲದೆ ಬೇರೊಂದು ಯಾತ್ರೆಯನ್ನು ಅರಿಯರೆಂದೂ ಭಾವಿಸುವವರುಂಟು. ಈ ಭಾವನೆಯು ಸರಿಯಲ್ಲವೆಂಬುದಕ್ಕೆ ಅದೇ ದ್ವೀಪದ ಮಧ್ಯದಲ್ಲಿ ಒಂದು ಗೋಡೆಯು ಸಾಕ್ಷಿಯಾಗಿ ನಿಂತಿದೆ.

ಆ ಗೋಡೆಯಿರುವುದು ಸಿಂಹಗಿರಿಯಲ್ಲಿ. ಈಗಿನ ಜನರು ಇದನ್ನು ಸಿಗಿರಿಯವೆಂದು ಕರೆಯುತ್ತಾರೆ. ಸಮತಟ್ಟಾದ ಕಾಡಿನ ನಡುವೆ ಸುಮಾರು 600 ಅಡಿ ಎತ್ತರಕ್ಕೆ ನೆಟ್ಟಗೆ ಎದ್ದಿರುವ ಈ ಒಂಟಿ ಬಂಡೆಯು ರಾಜಧಾನಿಯಾದ ಬಗೆಯನ್ನು ‘ಚೂಳವಂಸ’ವೆಂಬ ಪಾಲಿ ಗ್ರಂಥವು ವಿಸ್ತಾರವಾಗಿ ಹೇಳುತ್ತದೆ. ಅನುರಾಧಪುರದ ದೊರೆ ಧಾತುಸೇನನಿಗೆ ಇಬ್ಬರು ಗಂಡುಮಕ್ಕಳು. ಕುಲದಲ್ಲಿ ಕಡಮೆಯವಳಾದ ರಾಣಿಯಲ್ಲಿ ಹುಟ್ಟಿದವನು ಕಾಶ್ಯಪ, ಪಟ್ಟದರಾಣಿಯ ಮಗನು ಮೌದ್ಗಲ್ಯಾಯನ. ಕಾಶ್ಯಪನು ಸೇನಾಪತಿಯ ಮಾತು ಕೇಳಿ ತಂದೆಯನ್ನು ಸೆರೆಯಲ್ಲಿಟ್ಟು, ಅಡಗಿಸಿಟ್ಟ ನಿಧಿಯೆಲ್ಲಿ ಎಂದು ಪೀಡಿಸಿದನು. ವೃದ್ಧನಾದ ದೊರೆಯು ತಾನು ಕಟ್ಟಿಸಿದ ಕಾಲವಾಪಿಯೆಂಬ ಮಹಾತಟಾಕಕ್ಕೆ ಅವರನ್ನು ಕರೆದೊಯ್ದು, ನೀರಿಗಿಳಿದು ಮಿಂದು, ಬೊಗಸೆಯಲ್ಲಿ ನೀರೆತ್ತಿ, ತನ್ನ ಐಶ್ವರ್ಯವೆಲ್ಲ ಇಷ್ಟೇ ಎಂದು ತೋರಿಸಿದನಂತೆ. ಬಳಿಕ ಅವನನ್ನು ಜೀವಸಹಿತ ಗೋಡೆಯೊಳಗೆ ಸೇರಿಸಿ ಮುಚ್ಚಿದರು. ಮೌದ್ಗಲ್ಯಾಯನನು ತಪ್ಪಿಸಿಕೊಂಡು ಜಂಬೂದ್ವೀಪಕ್ಕೆ ಓಡಿಹೋದನು. ಪಿತೃಹಂತಕನಾದ ಕಾಶ್ಯಪನಿಗೆ ಅನುರಾಧಪುರದಲ್ಲಿ ನಿದ್ರೆ ಬಾರದೆ ಹೋಯಿತು. ಅವನು ಈ ಬಂಡೆಯ ತಲೆಯ ಮೇಲೆ ಅರಮನೆಯನ್ನು ಕಟ್ಟಿಸಿ, ಅಲಕೆಯಲ್ಲಿ ಕುಬೇರನಿರುವಂತೆ ವಾಸವಾಗಿದ್ದನೆಂದು ಗ್ರಂಥಕಾರನು ವರ್ಣಿಸಿದ್ದಾನೆ. ಆಳಿದುದು ಕ್ರಿ. ಶ. 477ರಿಂದ 495ರ ವರೆಗೆ. ಹದಿನೆಂಟನೆಯ ವರ್ಷದಲ್ಲಿ ತಮ್ಮನು ದಂಡೆತ್ತಿ ಬಂದನು. ಯುದ್ಧದಲ್ಲಿ ಕಾಶ್ಯಪನ ಆನೆಯು ಮುಂದೆ ಕೆಸರನ್ನು ಕಂಡು ಪಕ್ಕಕ್ಕೆ ತಿರುಗಲು, ದೊರೆಯು ಓಡಿದನೆಂದು ಸೈನ್ಯವು ಚದುರಿತು. ಅವನು ತನ್ನ ಕಠಾರಿಯಿಂದಲೇ ಕೊರಳನ್ನು ಕೊಯ್ದುಕೊಂಡನು. ಬಂಡೆಯು ಭಿಕ್ಷುಗಳ ಪಾಲಾಯಿತು.

ರಾಜಧಾನಿಯ ಕಥೆಯು ಇಲ್ಲಿಗೆ ಮುಗಿಯಿತು. ನೋಡುವವರ ಕಥೆಯು ಇಲ್ಲಿಂದ ಮೊದಲಾಯಿತು. ಬಂಡೆಯ ನಡುವಿನಷ್ಟು ಎತ್ತರದಲ್ಲಿ ಒಂದು ಗುಹೆಯಂಥ ತಗ್ಗಿನೊಳಗೆ ಕಾಶ್ಯಪನ ಚಿತ್ರಕಾರರು ಬರೆದ ಸ್ತ್ರೀಚಿತ್ರಗಳಿವೆ. ಕೈಯಲ್ಲಿ ಹೂವು ಹಿಡಿದ ಆ ಹೊಂಬಣ್ಣದ ಹೆಂಗಸರ ದೇಹವು ಸೊಂಟದಿಂದ ಕೆಳಕ್ಕೆ ಮೋಡಗಳಲ್ಲಿ ಮರೆಯಾಗಿದೆ. ಇವರು ಅಪ್ಸರೆಯರೆಂದು ಕೆಲವರು, ಪೂಜೆಗೆ ಹೊರಟ ರಾಣಿಯರೆಂದು ಕೆಲವರು, ಮಿಂಚು ಮೋಡಗಳೇ ಸ್ತ್ರೀರೂಪ ತಾಳಿವೆಯೆಂದು ಪರಣವಿತಾನರು ಊಹಿಸಿದ್ದಾರೆ. ಕಡೆಯ ಪಕ್ಷವು ಮೇಘದೂತವನ್ನು ಓದಿದವರ ಮನಸ್ಸಿಗೆ ಒಪ್ಪುವಂತಿದ್ದರೂ ವಾದವು ಇನ್ನೂ ತೀರ್ಮಾನವಾಗಿಲ್ಲ. ಈ ಚಿತ್ರಗಳ ಕೆಳಗಿನ ಹಾದಿಯ ಹೊರಮಗ್ಗುಲಿಗೆ ಇಟ್ಟಿಗೆಯಿಂದ ಕಟ್ಟಿ, ಸುಣ್ಣದ ಗಾರೆ ಬಳಿದು, ಕನ್ನಡಿಯಂತೆ ಉಜ್ಜಿ ಮೆರುಗುಕೊಟ್ಟ ಗೋಡೆಯಿದೆ. ಅರಸನು ಸತ್ತು ಅರಮನೆ ಪಾಳಾದ ಮೇಲೆ, ಆರನೆಯ ಶತಮಾನದಿಂದ ಹದಿನಾಲ್ಕನೆಯ ಶತಮಾನದ ವರೆಗೆ, ಚಿತ್ರಗಳನ್ನು ನೋಡಲು ಬಂದವರು ಈ ಗೋಡೆಯ ಮೇಲೆ ಮೊನಚಾದ ಸಾಧನದಿಂದ ಪದ್ಯಗಳನ್ನು ಗೀರಿಹೋಗಿದ್ದಾರೆ. ಹೆಚ್ಚಿನವು ಎಂಟರಿಂದ ಹತ್ತನೆಯ ಶತಮಾನದವು.

ಹೀಗೆ ಬರೆದವರಾರೆಂಬುದೇ ವಿಸ್ಮಯಕರವಾದ ಸಂಗತಿ. ಭಿಕ್ಷುಗಳಿದ್ದಾರೆ, ರಾಜಾಧಿಕಾರಿಗಳಿದ್ದಾರೆ, ಸೈನಿಕರಿದ್ದಾರೆ, ಕೈಕಸಬಿನವರಿದ್ದಾರೆ, ಹೆಂಗಸರೂ ಇದ್ದಾರೆ. ಹಲವರು ತಮ್ಮ ಹೆಸರನ್ನೂ ಊರನ್ನೂ ಹೇಳಿಕೊಂಡಿದ್ದಾರೆ. ಗಂಡಸರಲ್ಲಿ ಬಹುಮಂದಿ ಬಂಡೆಯ ಮೇಲಿನ ಸುಂದರಿಯರು ಮಾತಾಡಲೊಲ್ಲರೆಂದು ನಿಟ್ಟುಸಿರಿಟ್ಟವರು. ಈ ನಿಟ್ಟುಸಿರುಗಳನ್ನು ಕಂಡು ಹಾಸ್ಯಮಾಡಿದ ಹೆಂಗಸರ ಪದ್ಯಗಳೂ ಇವೆ. ಎಲ್ಲರೂ ಬರೆದಿರುವುದರಿಂದ ತಾನು ಬರೆಯಲಿಲ್ಲವೆಂದು ಬರೆದುಹೋದ ಪುಣ್ಯಾತ್ಮನೂ ಒಬ್ಬನುಂಟು! ಇವರಾರೂ ಪಾಪಪರಿಹಾರಕ್ಕಾಗಿ ಬಂದವರಲ್ಲ. ಬಿಸಿಲಲ್ಲಿ ಬಂಡೆಯೇರಿ, ಗಾಳಿಗೆ ಮೈಯೊಡ್ಡಿ, ಚೆಲುವನ್ನು ನೋಡಿ ಹಿಂದಿರುಗಿದವರು. ಪ್ರಾಚೀನ ಸಿಂಹಳಭಾಷೆಯ ಕವಿತೆಯಲ್ಲಿ ಉಳಿದುಬಂದ ಅತ್ಯಮೂಲ್ಯ ಭಾಗವು ಆಸ್ಥಾನಕವಿಗಳದಲ್ಲ, ಇಂಥ ದಾರಿಹೋಕರದು ಎಂಬುದನ್ನು ನೆನೆದರೆ ಸಾಹಿತ್ಯಚರಿತ್ರಕಾರರ ಗರ್ವವು ಸ್ವಲ್ಪ ಇಳಿಯಬೇಕು.

ಆಮೇಲೆ ಕಾಡು ಬೆಳೆದು ಈ ಸ್ಥಳವು ಹೊರಗಿನವರ ನೆನಪಿನಿಂದ ಮರೆಯಾಗಿತ್ತು. 1831ರಲ್ಲಿ ಜೊನಾಥನ್ ಫೋರ್ಬ್ಸ್ ಎಂಬ ಆಂಗ್ಲ ಸೇನಾಧಿಕಾರಿಯು ಇದನ್ನು ಕಂಡು ಬರೆದನು. 1894ರಲ್ಲಿ ಎಚ್. ಸಿ. ಪಿ. ಬೆಲ್ ಎಂಬ ಪುರಾತತ್ತ್ವಾಧಿಕಾರಿಯು ಅಗೆತವನ್ನು ಪ್ರಾರಂಭಿಸಿದನು. ಗೋಡೆಯ ಗೀರುಗಳನ್ನು ಒಂದೊಂದಾಗಿ ಓದಿ, 685 ಪದ್ಯಗಳನ್ನು 1956ರಲ್ಲಿ ಪ್ರಕಟಿಸಿದ ಕೀರ್ತಿಯು ಸೆನರತ್ ಪರಣವಿತಾನರದು. ಒಂದರ ಮೇಲೊಂದು ಗೀರಿದ, ಮಳೆಬಿಸಿಲಿಗೆ ಸವೆದ ಕೂದಲೆಳೆಯಂಥ ಅಕ್ಷರಗಳನ್ನು ಓದುವುದು ಎಂಥ ತಾಳ್ಮೆಯ ಕೆಲಸವೆಂಬುದನ್ನು ಶಿಲಾಶಾಸನಗಳನ್ನು ಓದಿ ಬಲ್ಲವರೇ ಊಹಿಸಬಲ್ಲರು.

ಈ ದ್ವೀಪದಲ್ಲಿ ಪುಣ್ಯಕ್ಕಾಗಿ ಏರುವ ಬೆಟ್ಟವು ಬೇರೆಯೇ ಇದೆ. ದಕ್ಷಿಣದ ಮಲೆನಾಡಿನಲ್ಲಿ 7,359 ಅಡಿ ಎತ್ತರದ ಶ್ರೀಪಾದಶಿಖರದ ಮೇಲಿನ ಹೆಜ್ಜೆಗುರುತನ್ನು ಬೌದ್ಧರು ಬುದ್ಧನದೆಂದೂ, ಹಿಂದುಗಳು ಶಿವನದೆಂದೂ, ಮುಸಲ್ಮಾನರು ಆದಿಪುರುಷನಾದ ಆದಮನದೆಂದೂ ನಂಬುತ್ತಾರೆ. ಮೂರು ಮತದವರೂ ಒಂದೇ ಹಾದಿಯಲ್ಲಿ ಏರುತ್ತಾರೆ. ಹನ್ನೊಂದನೆಯ ಶತಮಾನದಲ್ಲಿ ಆಳಿದ ಮೊದಲನೆಯ ವಿಜಯಬಾಹುವು ಯಾತ್ರಿಕರ ಅನ್ನಪಾನಗಳಿಗೆಂದು ಗ್ರಾಮಗಳನ್ನು ಬಿಟ್ಟುಕೊಟ್ಟಿದ್ದನು. 1344ರಲ್ಲಿ ಬಂದ ಇಬ್ನ್ ಬತೂತನು ಬಂಡೆಗೆ ಬಿಗಿದ ಸರಪಳಿಗಳನ್ನು ಹಿಡಿದು ಹತ್ತಿದುದನ್ನು ತನ್ನ ಪ್ರವಾಸಕಥನದಲ್ಲಿ ಹೇಳಿದ್ದಾನೆ. ಈಗಲೂ ಮಾರ್ಗಶಿರದ ಹುಣ್ಣಿಮೆಯಿಂದ ವೈಶಾಖದ ಹುಣ್ಣಿಮೆಯ ವರೆಗೆ ಜನರು ರಾತ್ರಿಯೆಲ್ಲ ಹತ್ತಿ, ಸೂರ್ಯೋದಯದಲ್ಲಿ ಶಿಖರದ ನೆರಳು ತ್ರಿಕೋಣಾಕಾರವಾಗಿ ಪಡುವಣ ದಿಕ್ಕಿಗೆ ಚಾಚುವುದನ್ನು ನೋಡುತ್ತಾರೆ. ತಾನು ಎಷ್ಟನೆಯ ಸಲ ಬಂದಿರುವೆನೋ ಅಷ್ಟು ಸಲ ಅಲ್ಲಿಯ ಘಂಟೆಯನ್ನು ಬಾರಿಸುವುದು ಪದ್ಧತಿ. ಆ ನಾದವು ಗಾಳಿಯಲ್ಲಿ ಸೇರಿಹೋಗುತ್ತದೆ. ಗೀರಿದ ಗುರುತೇನೂ ಉಳಿಯುವುದಿಲ್ಲ.

ಆಂಗ್ಲರ ಕಾಲದಲ್ಲಿ ಬಂದ ಬೇರೊಂದು ಬಗೆಯ ವಿಹಾರಿಗಳನ್ನು ಕುರಿತು ಹೆಚ್ಚು ಹೇಳುವಷ್ಟು ಉತ್ಸಾಹವು ಯಾರಿಗೂ ಬಾರದು. ಮೇಜರ್ ರೋಜರ್ಸ್ ಎಂಬ ಒಬ್ಬನೇ 1,400 ಆನೆಗಳನ್ನು ಕೊಂದನೆಂದು ಪ್ರತೀತಿ. ಅವನು 1845ರಲ್ಲಿ ಸಿಡಿಲು ಬಡಿದು ಸತ್ತನು. ಸ್ಯಾಮ್ಯುಯೆಲ್ ಬೇಕರನು ಇದೇ ದ್ವೀಪದ ಬೇಟೆಗಳ ಮೇಲೆ ಪುಸ್ತಕವನ್ನೇ ಬರೆದನು. ಬೇಟೆಗಾರರಿಗೆಂದು ಕಾದಿರಿಸಿದ ಕಾಡಿದ್ದ ಯಾಲದಲ್ಲಿ 1938ರಲ್ಲಿ ರಕ್ಷಿತವನವು ಏರ್ಪಟ್ಟ ಮೇಲೆ ಕೋವಿಯ ಸ್ಥಾನಕ್ಕೆ ಛಾಯಾಚಿತ್ರದ ಪೆಟ್ಟಿಗೆ ಬಂದಿತು.

ಕನ್ನಡಿಗೋಡೆಗೂ ಕಷ್ಟಗಳು ತಪ್ಪಲಿಲ್ಲ. 1967ರಲ್ಲಿ ದುಷ್ಟರಾರೋ ರಾತ್ರಿ ಹತ್ತಿ ಮೇಲಿನ ಸ್ತ್ರೀಚಿತ್ರಗಳಿಗೆ ಹಸುರು ಬಣ್ಣವನ್ನು ಬಳಿದರು. ಇಟಲಿಯಿಂದ ಬಂದ ತಜ್ಞನು ಬಹು ಶ್ರಮದಿಂದ ಅದನ್ನು ತೆಗೆದನು. 1982ರಲ್ಲಿ ಸಿಂಹಗಿರಿಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2015ರಲ್ಲಿ ನೋಡಲು ಬಂದ ಒಬ್ಬ ತರುಣಿಯು ಗೋಡೆಯ ಮೇಲೆ ತನ್ನ ಹೆಸರನ್ನು ಗೀರಿದಳು. ನ್ಯಾಯಸ್ಥಾನವು ಅವಳಿಗೆ ಎರಡು ವರ್ಷ ಸೆರೆವಾಸವನ್ನು ವಿಧಿಸಿತು. ರಾಷ್ಟ್ರಾಧ್ಯಕ್ಷರು ಕ್ಷಮೆಯಿತ್ತುದರಿಂದ ಅವಳು ಅದೇ ವರ್ಷ ಬಿಡುಗಡೆಯಾದಳು.

ಇಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ಸಾವಿರದಿನ್ನೂರು ವರ್ಷಗಳ ಹಿಂದೆ ಅದೇ ಗೋಡೆಯನ್ನು ಗೀರಿದ ಹೆಂಗಸಿನ ಕೈಬರಹವನ್ನು ಪಂಡಿತರು ಭೂತಗನ್ನಡಿ ಹಿಡಿದು ಓದುತ್ತಾರೆ. ಈಚಿನವಳನ್ನು ಸೆರೆಮನೆಗೆ ಕಳುಹಿಸುತ್ತಾರೆ. ಹಿಂದಿನವರು ಬರೆದುದು ಕವಿತೆ, ಇವಳು ಬರೆದುದು ಬರಿಯ ಹೆಸರು ಎಂಬ ಉತ್ತರವು ಸಾಲದು. ಹಿಂದಿನವರಲ್ಲಿಯೂ ಹೆಸರಿಗಿಂತ ಹೆಚ್ಚೇನೂ ಬರೆಯದವರುಂಟು. ಅಂದು ಅದು ಪಾಳುಬಿದ್ದ ಅರಮನೆಯ ಬರಿಯ ಗೋಡೆ. ಇಂದು ಅವರೆಲ್ಲರ ಅಕ್ಷರಗಳು ತುಂಬಿದ ಓಲೆ. ಹೊಸದಾಗಿ ಗೀರುವವನು ಹಳಬನ ಮೇಲೆಯೇ ಗೀರಬೇಕು. ಅಂದು ಕಾಡುಹಾದಿಯಲ್ಲಿ ನಡೆದು ಬಂದವರ ಸಂಖ್ಯೆಯೆಷ್ಟು, ಇಂದು ಲಕ್ಷಾಂತರವಾಗಿ ಬರುವವರ ಸಂಖ್ಯೆಯೆಷ್ಟು! ಆದಕಾರಣ ನಿಷೇಧವು ನ್ಯಾಯವೇ. ಆದರೆ ಎರಡು ವರ್ಷದ ಸೆರೆಯು ಅಪರಾಧಕ್ಕೆ ಮಿಗಿಲಾದ ದಂಡನೆಯೆಂದೂ ಹೇಳಲೇಬೇಕು. ಕಾಲವಾಪಿಯ ನೀರನ್ನು ಬೊಗಸೆಯಲ್ಲೆತ್ತಿದ ದೊರೆಯನ್ನು ಕೊಂದವನ ಬಂಡೆಯ ಮೇಲೆ ದಯೆಗೆ ಇಷ್ಟು ತಡವಾಗಬಾರದಾಗಿತ್ತು.

ಈಗ ಹೋಗುವವರು ಬೆಳಗಿನ ತಂಪಿನಲ್ಲಿಯೇ ಹೊರಡುವುದು ಲೇಸು; ಮೆಟ್ಟಿಲುಗಳು ಸುಮಾರು 1,200 ಇವೆ, ಬಿಸಿಲಿಗೆ ಬಂಡೆ ಕಾಯುತ್ತದೆ. ಬಂಡೆಯ ಸಂದುಗಳಲ್ಲಿ ಕಣಜಗಳ ಗೂಡುಗಳಿರುವುದರಿಂದ ಸದ್ದುಮಾಡಬಾರದೆಂದು ಫಲಕಗಳಿವೆ. ಮಳೆಗಾಲದಲ್ಲಿ ಹೋದವರಿಗೆ ಬೇರೊಂದು ಭಾಗ್ಯವುಂಟು: ಬಂಡೆಯ ಬುಡದ ಉದ್ಯಾನದಲ್ಲಿ ಕಾಶ್ಯಪನ ಕಾಲದ ಕಲ್ಲಿನ ಕಾರಂಜಿಗಳು, ಕೊಳಗಳು ತುಂಬಿದಾಗ, ಹದಿನೈದು ಶತಮಾನಗಳ ಮೇಲೆಯೂ ನೀರನ್ನು ಚಿಮ್ಮಿಸುತ್ತವೆ.