ತಡಮೆ ಯಾರ ಕೈಯಲ್ಲಿ?

ಪೋಸ್ಟ್ ಸ್ವಲ್ಪ ಉದ್ದ ಉಂಟು, ಪುರುಸೊತ್ತು ಮಾಡಿಕೊಂಡು ಓದಿ.

ಮೊನ್ನೆ ಆತೂರಿನಲ್ಲಿ ಚಾ ಕುಡಿಯುವಾಗ ನಮ್ಮ ಕೊಯಿಲದ ಒಬ್ಬ ಹುಡುಗ ಕೇಳಿದ: "ಅಣ್ಣಾ, ನಮ್ಮ ಕಾಲನಿಯ ಹಿರಿಯರ ಕತೆ, ಭೂಮಿಯ ಕತೆ ಎಲ್ಲ ಒಂದು ವೆಬ್‌ಸೈಟ್ ಮಾಡಿ ಹಾಕಿದ್ರೆ ಜನ ನೋಡ್ತಾರಾ?" ಹಾಕುವುದು ಸುಲಭ ಮಾರಾಯ, ಕಾಣಿಸುವುದು ಕಷ್ಟ ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಅವನಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

1920ರ ಜನವರಿ 31ಕ್ಕೆ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದರು. ಪತ್ರಿಕೆ ಬರ್ತದೆ ಅಂತ ಜನರಿಗೆ ತಿಳಿಸಬೇಕಲ್ವಾ? ದುಡ್ಡು ಕೊಡ್ತೇವೆ ಅಂದರೂ 'ಕೇಸರಿ' ಆ ಜಾಹೀರಾತು ಹಾಕಲಿಲ್ಲ. ಬರೆಯಬೇಡಿ ಅಂತ ಯಾರೂ ಹೇಳಲಿಲ್ಲ, ನೋಡಿ. ಬರೆದದ್ದು ಉಂಟು ಅಂತ ಊರಿಗೆ ಗೊತ್ತಾಗದ ಹಾಗೆ ಮಾಡಿದರೆ ಸಾಕಾಗಿತ್ತು. ತೋಟಕ್ಕೆ ಹೋಗುವ ದಾರಿ ಎಲ್ಲರದ್ದೇ, ಆದರೆ ತಡಮೆ ದಾಟಿಸುವವ ಒಬ್ಬನೇ.

ಅದಕ್ಕೇ ಇಂಟರ್ನೆಟ್ ಬಂದಾಗ ನಮಗೆ ಖುಷಿಯಾದದ್ದು ಸುಳ್ಳಲ್ಲ. 1996ರಲ್ಲಿ ಪವನಜ ಅವರ 'ವಿಶ್ವಕನ್ನಡ' ಬಂತು, ಆಮೇಲೆ 'ದಟ್ಸ್‌ಕನ್ನಡ' ಬಂತು. ಆಗ ಒಬ್ಬೊಬ್ಬರದ್ದು ಒಂದೊಂದು ಫಾಂಟ್, ಹುಡುಕಿದರೆ ಸಿಗ್ತಿರಲಿಲ್ಲ. ಯೂನಿಕೋಡ್ ಬಳಕೆಗೆ ಬಂದ ಮೇಲೆ ಗೂಗಲ್‌ನಲ್ಲಿ ಕನ್ನಡದಲ್ಲೇ ಹುಡುಕಬಹುದಾಯಿತು. ಸಂಪಾದಕರ ಜಾತಿ ಕೇಳದೆ, ಜಗಲಿ ಹತ್ತದೆ, ನಮ್ಮವರ ಬರಹ ಹೊರಗೆ ಬಂತು. ಈ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಪೇಪರಿನವರಿಗಿಂತ ಆ ಯಂತ್ರವೇ ವಾಸಿ ಅಂತ ನಾನೇ ಭಾಷಣ ಮಾಡಿದ್ದುಂಟು.

ಆದರೆ ಕೊಳ್ಳುವವ ಒಬ್ಬನೇ ಆದರೆ ಏನಾಗ್ತದೆ ಅಂತ ಪುತ್ತೂರಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಎಪ್ಪತ್ತರ ದಶಕದಲ್ಲಿ ಅಡಿಕೆ ತೋಟದ ನಡುವೆ ಕೋಕೋ ಹಾಕಿಸಿದರು. ಕೊಳ್ಳುವ ದೊಡ್ಡ ಕಂಪನಿ ಹೆಚ್ಚುಕಮ್ಮಿ ಕ್ಯಾಡ್ಬರಿ ಒಂದೇ. 1980ರ ಹೊತ್ತಿಗೆ ಬೆಲೆ ಬಿತ್ತು, ಖರೀದಿ ನಿಂತಿತು, ಬೆಳೆದದ್ದು ಯಾರಿಗೂ ಬೇಡವಾಯಿತು. ಆಗ 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೋ ಕೋಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲೇ ಚಾಕಲೇಟ್ ಫ್ಯಾಕ್ಟರಿ ಆಯಿತು. ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ಸದಸ್ಯತ್ವ ಬೆಳೆಗಾರನಿಗೆ. ಕಾಯಿ ಒಡೆದು ಬೀಜ ತೆಗೆದ ನಮ್ಮ ಅಮ್ಮಂದಿರ ಹೆಸರಲ್ಲಿ ತೋಟ ಇರಲಿಲ್ಲ, ಷೇರೂ ಇರಲಿಲ್ಲ. 'ಸಣ್ಣವರಿಗೆ ಅನ್ಯಾಯ' ಅಂತ ಯಾರಾದರೂ ಹೇಳಿದರೆ, ಯಾವ ಸಣ್ಣವರು ಅಂತ ಕೇಳುವ ಅಭ್ಯಾಸ ನನಗೆ ಅಲ್ಲಿಂದ ಬಂದದ್ದು.

ಈಗ ಗೂಗಲ್‌ಗೆ ಬರುವ. ಬ್ರಿಟನ್ನಿನಲ್ಲಿ ಒಂದು ದಂಪತಿ 2006ರಲ್ಲಿ 'ಫೌಂಡೆಮ್' ಅಂತ ಬೆಲೆ ಹೋಲಿಸುವ ವೆಬ್‌ಸೈಟ್ ಮಾಡಿದರು. ಸ್ವಲ್ಪ ದಿನದಲ್ಲೇ ಅದು ಗೂಗಲ್ ಹುಡುಕಾಟದಲ್ಲಿ ಎಲ್ಲೋ ತಳಕ್ಕೆ ಹೋಯಿತು. ಗೂಗಲ್‌ನ ಸ್ವಂತ ಶಾಪಿಂಗ್ ಪಟ್ಟಿ ಮೇಲೆ ಕೂತಿತು. ಅವರು ಹೋರಾಡಿದರು. ಯುರೋಪ್ ಒಕ್ಕೂಟ 2017ರಲ್ಲಿ 242 ಕೋಟಿ ಯೂರೋ ದಂಡ ಹಾಕಿತು, 2024ರಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟು ಅದನ್ನು ಎತ್ತಿಹಿಡಿಯಿತು. ಫೌಂಡೆಮ್ ಮಾತ್ರ 2016ರಲ್ಲೇ ಮುಚ್ಚಿಯಾಗಿತ್ತು.

ನಮ್ಮ ದೇಶದಲ್ಲೂ ಕೇಸು ಆಗಿದೆ. 2018ರ ಫೆಬ್ರವರಿಯಲ್ಲಿ ಸ್ಪರ್ಧಾ ಆಯೋಗ, ಹುಡುಕಾಟದಲ್ಲಿ ಪಕ್ಷಪಾತ ಅಂತ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. ದೂರು ಕೊಟ್ಟವರಲ್ಲಿ ಒಬ್ಬರು ಯಾರು ಗೊತ್ತುಂಟಾ? ಭಾರತ್ ಮ್ಯಾಟ್ರಿಮೊನಿಯವರು. ಜಾತಿ ಜಾತಿಗೆ ಬೇರೆ ಬೇರೆ ವೆಬ್‌ಸೈಟ್ ಇಟ್ಟುಕೊಂಡವರು ತಾರತಮ್ಯದ ವಿರುದ್ಧ ದೂರು ಕೊಟ್ಟದ್ದು! ನಗಬೇಡಿ, ದೂರು ಸರಿಯೇ ಇತ್ತು. 2022ರಲ್ಲಿ ತನಿಖೆ ಕೇಳಿದವರೂ ದೊಡ್ಡ ಪತ್ರಿಕೆಗಳ ಡಿಜಿಟಲ್ ಸಂಘದವರು. ವಕೀಲರಿಗೆ ಕೊಡಲು ದುಡ್ಡಿಲ್ಲದವರ ಹೆಸರು ಈ ಕಡತಗಳಲ್ಲಿ ಹುಡುಕಿದರೂ ಸಿಗುವುದಿಲ್ಲ.

ಕನ್ನಡದ ಸಣ್ಣ ವೆಬ್‌ಸೈಟಿಗೆ ಪೆಟ್ಟು ಬಿದ್ದದ್ದು ಇನ್ನೂ ಮೊದಲೇ. ಜಾಹೀರಾತಿನ ದಾರಿಯೂ ಗೂಗಲ್‌ದ್ದೇ ಅಲ್ವಾ? ಅದರ ಆ್ಯಡ್‌ಸೆನ್ಸ್ ಹಿಂದಿಗೆ 2014ರಲ್ಲಿ ಬಂತು, ಬಂಗಾಳಿಗೆ 2017ರಲ್ಲಿ, ತಮಿಳು ತೆಲುಗಿಗೆ 2018ರಲ್ಲಿ. ಕನ್ನಡದ ಸರದಿ ಇವೆಲ್ಲ ಆದ ಮೇಲೆ. ಅಲ್ಲಿಯವರೆಗೆ ಎಷ್ಟು ಜನ ಕೈಯಿಂದ ಹಾಕಿ ನಡೆಸಿ ಸುಸ್ತಾಗಿ ಬಿಟ್ಟರೋ.

2021ರ ಜೂನ್ ನೆನಪುಂಟಾ? ಭಾರತದ ಅತಿ ಕುರೂಪ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ 'ಕನ್ನಡ' ಅಂತ ಉತ್ತರ ತೋರಿಸಿತು. ಸರಕಾರ ನೋಟಿಸು ಕೊಡ್ತೇವೆ ಅಂದಿತು, ಗೂಗಲ್ ಕ್ಷಮೆ ಕೇಳಿತು. ಎಲ್ಲರೂ ಅವಮಾನದ ಬಗ್ಗೆಯೇ ಮಾತಾಡಿದರು. ಯಾವುದೋ ಲೆಕ್ಕಕ್ಕಿಲ್ಲದ ಪುಟದಿಂದ ಆ ಸಾಲನ್ನು ಎತ್ತಿ, ಎಲ್ಲಕ್ಕಿಂತ ಮೇಲೆ, ಇದೇ ಉತ್ತರ ಎಂಬ ಹಾಗೆ ಕೂರಿಸಿದ್ದು ಯಾರು, ಯಾವ ನಿಯಮದಲ್ಲಿ ಅಂತ ಕೇಳಿದವರು ಕಡಿಮೆ. ಕನ್ನಡದ ಬಗ್ಗೆ ವರ್ಷಗಟ್ಟಲೆ ಬರೆದವರ ಪುಟಗಳು ಕೆಳಗೆ ಎಲ್ಲೋ ಇದ್ದವು.

ಈಗ 2024ರಿಂದ ಎಐ ಉತ್ತರ ಬೇರೆ. ನಮ್ಮ ಬರಹ ಓದಿ ಸಾರಾಂಶ ಅಲ್ಲೇ ಕೊಡ್ತದೆ, ಓದುವವ ನಮ್ಮ ಅಂಗಳಕ್ಕೆ ಕಾಲಿಡುವುದೇ ಬೇಡ. ಗೂಗಲ್ ಒಳ್ಳೆಯದು ಅಂತ ಜನ ಹೋಗ್ತಾರೆ, ಬೇರೆ ಕಡೆ ಹೋಗಲಿ ಅಂತ ವಾದಿಸುವವರೂ ಇದ್ದಾರೆ. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಕೊಟ್ಟ ತೀರ್ಪು ಓದಿ: ಫೋನು, ಬ್ರೌಸರುಗಳಲ್ಲಿ ತಾನೇ ಮೊದಲು ಇರಬೇಕು ಅಂತ ಗೂಗಲ್ 2021 ಒಂದೇ ವರ್ಷ 2,630 ಕೋಟಿ ಡಾಲರ್ ಕೊಟ್ಟಿತ್ತು. ಒಳ್ಳೆಯದಾದದ್ದಕ್ಕೇ ಜನ ಬರುವುದಾದರೆ ಇಷ್ಟು ದುಡ್ಡು ಸುರಿಯುವುದು ಎಂತಕ್ಕೆ?

ಹುಡುಗ ಹೆದರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಮಾಡ್ತೇನೆ ಅಂದಿದ್ದಾನೆ, ಕಾಲನಿಯ ಅಜ್ಜಿಯರ ಮಾತು ಫೋನಿನಲ್ಲಿ ರೆಕಾರ್ಡ್ ಮಾಡಲು ಶುರು ಮಾಡಿಯೂ ಆಗಿದೆ. ಅಡ್ರೆಸ್ ಸಿಕ್ಕಿದ ಕೂಡಲೇ ಇಲ್ಲಿ ಹಾಕ್ತೇನೆ. ಫೋನ್ ನಂಬರ್ ಬರೆದಿಟ್ಟ ಹಾಗೆ ಬರೆದಿಟ್ಟುಕೊಳ್ಳಿ.