ಮಾನವ–ಕರಡಿ ಸಂಘರ್ಷ (ಭಾರತ)

ಮಾನವ–ಕರಡಿ ಸಂಘರ್ಷ ಎಂಬುದು ಮನುಷ್ಯರೂ ಕಾಡುಕರಡಿಗಳೂ ಒಂದೇ ನೆಲವನ್ನು ಬಳಸುವ ಪ್ರದೇಶಗಳಲ್ಲಿ ಇಬ್ಬರೂ ಮುಖಾಮುಖಿಯಾಗುವುದರಿಂದ ಉಂಟಾಗುವ ಸಾವು, ಅಂಗವಿಕಲತೆ, ಬೆಳೆಹಾನಿ ಹಾಗೂ ಕರಡಿಗಳ ಹತ್ಯೆ ಇವೆಲ್ಲವನ್ನೂ ಒಳಗೊಂಡ ಸಮಸ್ಯೆ. ಭಾರತದಲ್ಲಿ ನಾಲ್ಕು ಜಾತಿಯ ಕರಡಿಗಳಿವೆ. ಹಿಮಾಲಯದ ಕಂದು ಕರಡಿ, ಏಷ್ಯಾದ ಕಪ್ಪು ಕರಡಿ ಮತ್ತು ಈಶಾನ್ಯ ರಾಜ್ಯಗಳ ಸೂರ್ಯ ಕರಡಿಗಳು ಪರ್ವತ ಪ್ರದೇಶಗಳಿಗೆ ಸೀಮಿತವಾಗಿವೆ. ನಾಲ್ಕನೆಯದಾದ ಸ್ಲಾತ್ ಕರಡಿ (ಮೆಲುರ್ಸಸ್ ಉರ್ಸಿನಸ್) ಬಯಲುಸೀಮೆಯ ಕುರುಚಲು ಕಾಡಿನಿಂದ ಮಲೆನಾಡಿನವರೆಗೆ ಹರಡಿಕೊಂಡಿದೆ. ಕನ್ನಡದಲ್ಲಿ ಬರಿದೇ ‘ಕರಡಿ’ ಎಂದಾಗ ನಮ್ಮ ಮನಸ್ಸಿಗೆ ಬರುವುದು ಇದೇ. ಕಾಶ್ಮೀರದಲ್ಲಿ ಕಪ್ಪು ಕರಡಿಯ ದಾಳಿಗಳು ಗಂಭೀರ ಸಮಸ್ಯೆಯಾಗಿದ್ದರೂ ದೇಶದ ಉಳಿದ ಭಾಗಗಳಲ್ಲಿ ನಡೆಯುವ ಬಹುತೇಕ ದಾಳಿಗಳು ಸ್ಲಾತ್ ಕರಡಿಗೆ ಸಂಬಂಧಿಸಿದವು. ಈ ಲೇಖನ ಮುಖ್ಯವಾಗಿ ಅದನ್ನು ಕುರಿತದ್ದು.

ಪ್ರಾಣಿಯ ಸ್ವರೂಪ

ಬೆಳೆದ ಗಂಡು ಕರಡಿ ಸುಮಾರು 80ರಿಂದ 145 ಕಿಲೋಗ್ರಾಂ, ಹೆಣ್ಣು 55ರಿಂದ 95 ಕಿಲೋಗ್ರಾಂ ತೂಗುತ್ತದೆ. ಉದ್ದನೆಯ ಒರಟು ಕಪ್ಪು ಕೂದಲು, ಎದೆಯ ಮೇಲೆ ಬಿಳಿಯ ಅರ್ಧಚಂದ್ರಾಕಾರದ ಗುರುತು, ಮಾಸಲು ಬಣ್ಣದ ಮೂತಿ ಇದರ ಲಕ್ಷಣಗಳು. ಮುಂಗಾಲಿನ ಉಗುರುಗಳು ಕುಡುಗೋಲಿನಂತೆ ಬಾಗಿದ್ದು ಬೆರಳುದ್ದ ಇರುತ್ತವೆ. 1791ರಲ್ಲಿ ಇದನ್ನು ಮೊದಲು ವರ್ಣಿಸಿದ ಇಂಗ್ಲೆಂಡಿನ ಜಾರ್ಜ್ ಶಾ, ಈ ಉಗುರುಗಳಿಂದ ಮೋಸಹೋಗಿ, ಇದನ್ನು ದಕ್ಷಿಣ ಅಮೆರಿಕದ ಮರಗಳಲ್ಲಿ ನೇತಾಡುವ ‘ಸ್ಲಾತ್’ ಎಂಬ ಮಂದಗತಿಯ ಪ್ರಾಣಿಯ ಬಂಧುವೆಂದು ಭಾವಿಸಿದ. ತಪ್ಪು ತಿಳಿದುಬಂದ ಮೇಲೂ ಹೆಸರು ಉಳಿದುಕೊಂಡಿತು. ಹೆಸರು ನಂಬಿ ಇದನ್ನು ಸೋಮಾರಿ ಎಂದುಕೊಳ್ಳುವಂತಿಲ್ಲ. ಓಡುವ ಮನುಷ್ಯನನ್ನು ಇದು ಸುಲಭವಾಗಿ ಹಿಂದಿಕ್ಕಬಲ್ಲದು.

ಆ ಉಗುರುಗಳು ಬೇಟೆಗಾಗಿ ಬಂದವಲ್ಲ, ಹುತ್ತ ಅಗೆಯಲು ಬಂದವು. ಗೆದ್ದಲು, ಇರುವೆ, ಜೇನು, ಬೋರೆ, ನೇರಳೆ, ಕಕ್ಕೆ, ಹಿಪ್ಪೆ ಹೂವು ಇದರ ಆಹಾರ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇದಕ್ಕೆ ಇಲ್ಲ. ಆ ಸಂದಿಯ ಮೂಲಕ ಗೆದ್ದಲನ್ನು ಗಾಳಿಯೊಡನೆ ಎಳೆದುಕೊಳ್ಳುವಾಗ ಹೊರಡುವ ಸದ್ದು ನೂರು ಮೀಟರಿಗೂ ಆಚೆ ಕೇಳಿಸುತ್ತದೆ.

ದಾಳಿಯ ಕಾರಣಗಳು

ಮಾಂಸಾಹಾರವನ್ನು ಅವಲಂಬಿಸದ ಪ್ರಾಣಿ ಮನುಷ್ಯನನ್ನು ಇಷ್ಟು ಭೀಕರವಾಗಿ ಗಾಯಗೊಳಿಸುವುದೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಹಸಿವಿನಲ್ಲಿಲ್ಲ, ಭಯದಲ್ಲಿದೆ. ಈ ಕರಡಿ ಸಾವಿರಾರು ತಲೆಮಾರುಗಳಿಂದ ಹುಲಿ, ಚಿರತೆಗಳ ನೆರೆಯಲ್ಲಿ ಬಾಳಿದೆ. ಅಮೆರಿಕದ ಕಪ್ಪು ಕರಡಿ ಅಪಾಯ ಕಂಡಾಗ ಮರಿಗಳನ್ನು ಮರ ಹತ್ತಿಸುತ್ತದೆ. ನಮ್ಮ ಕರಡಿ ವಾಸಿಸುವ ಬಯಲು, ಕುರುಚಲುಗಳಲ್ಲಿ ದೊಡ್ಡ ಮರಗಳೇ ವಿರಳ. ಇದ್ದರೂ ಚಿರತೆ ಮರ ಹತ್ತಬಲ್ಲದು. ಆದುದರಿಂದ ಇಲ್ಲಿ ಮರಿಗಳು ತಾಯಿಯ ಬೆನ್ನೇರುತ್ತವೆ. ಮರಿಗಳನ್ನು ಹೀಗೆ ತಿಂಗಳುಗಟ್ಟಲೆ ಬೆನ್ನಮೇಲೆ ಹೊತ್ತು ತಿರುಗುವುದು ಕರಡಿಗಳಲ್ಲಿ ಈ ಜಾತಿಯ ವಿಶೇಷ. ಬೆನ್ನ ಮೇಲೆ ಎರಡು ಮರಿಗಳನ್ನು ಹೊತ್ತ ತಾಯಿ ಹುಲಿಯಿಂದ ಓಡಿ ಪಾರಾಗಲಾರದು. ನಿಂತು, ಅರಚಿ, ಎದುರುಬಿದ್ದು ಹೊಡೆದರೆ ಮಾತ್ರ ಉಳಿಯಬಲ್ಲದು. ಮನುಷ್ಯನ ಮೇಲೆ ತಿರುಗಿಬೀಳುವುದು ಈ ಹಳೆಯ ರಕ್ಷಣಾಕ್ರಮವೇ ಎಂಬುದು ಪ್ರಾಣಿಶಾಸ್ತ್ರಜ್ಞರ ವಿವರಣೆ.

ಇದಕ್ಕೆ ಎರಡು ಸಂಗತಿಗಳು ಸೇರಿಕೊಳ್ಳುತ್ತವೆ. ಕರಡಿಯ ಘ್ರಾಣಶಕ್ತಿ ತೀಕ್ಷ್ಣವಾದರೂ ದೂರದಲ್ಲಿರುವವರನ್ನು ಕಂಡು ಕೇಳಿ ಸರಿದುಹೋಗುವ ಎಚ್ಚರ ಅದಕ್ಕೆ ಕಡಿಮೆ. ಹುತ್ತಕ್ಕೆ ಮೂತಿ ಇಟ್ಟಾಗ ತನ್ನದೇ ಗದ್ದಲದಲ್ಲಿ ಸುತ್ತಲಿನ ಸದ್ದು ಅದರ ಕಿವಿಗೆ ಬೀಳುವುದಿಲ್ಲ. ಗಾಳಿ ಎದುರಾಗಿ ಬೀಸುತ್ತಿದ್ದರೆ ಮನುಷ್ಯ ಕೆಲವೇ ಹೆಜ್ಜೆಗಳ ಅಂತರಕ್ಕೆ ಬಂದಿರುವುದು ಇಬ್ಬರಿಗೂ ತಿಳಿದಿರುವುದಿಲ್ಲ. ಎರಡನೆಯದು ಹಗಲಿನ ವಿಶ್ರಾಂತಿ. ರಾತ್ರಿಯೆಲ್ಲ ಮೇದ ಕರಡಿ ಹಗಲು ಬಂಡೆಯ ಸಂದಿಯಲ್ಲೋ ಲಾಂಟಾನ ಪೊದೆಯಲ್ಲೋ ಮಲಗಿರುತ್ತದೆ. ಸೌದೆಗೆ ಬಂದವರು, ಮೇಕೆ ಹುಡುಕುವವರು ಅದೇ ಪೊದೆಗೆ ಕೈಹಾಕುತ್ತಾರೆ. ಕರಡಿ ಹಿಂಗಾಲಿನ ಮೇಲೆ ಎದ್ದು ನಿಂತು, ಮುಂಗಾಲಿನಿಂದ ಎದುರಿಗಿರುವುದನ್ನು ಹೊಡೆಯುತ್ತದೆ. ಎದುರಿಗಿರುವುದು ಮನುಷ್ಯನ ಮುಖ. ಕಣ್ಣು, ಮೂಗು, ದವಡೆ, ನೆತ್ತಿಯ ಚರ್ಮ ಕಿತ್ತುಹೋಗುವುದು ಈ ಕಾರಣದಿಂದ. ಹೆಚ್ಚಿನ ದಾಳಿಗಳು ಅತ್ಯಲ್ಪ ಕಾಲದಲ್ಲಿ ಮುಗಿದು ಕರಡಿ ಓಡಿಹೋಗುತ್ತದೆ. ಗಾಯಾಳು ಉಳಿದ ಜೀವಮಾನವನ್ನೆಲ್ಲ ಆ ಮುಖದೊಡನೆ ಕಳೆಯಬೇಕು.

ಕರಡಿ ಹೆಂಗಸರನ್ನು ಗವಿಗೆ ಹೊತ್ತೊಯ್ಯುತ್ತದೆ ಎಂಬ ಹಳ್ಳಿಗಳ ನಂಬಿಕೆಗೆ ಯಾವ ಆಧಾರವೂ ಇಲ್ಲ. ಸೌದೆ, ಸೊಪ್ಪಿಗೆ ಕಾಡಿಗೆ ಹೋಗುವವರಲ್ಲಿ ಹೆಂಗಸರು ಹೆಚ್ಚಾಗಿರುವುದರಿಂದ ಗಾಯಾಳುಗಳಲ್ಲೂ ಅವರಿರುತ್ತಾರೆ, ಅಷ್ಟೆ.

ಪ್ರಮಾಣ

ರಾಜಪುರೋಹಿತ್ ಮತ್ತು ಕ್ರೌಸ್‌ಮನ್ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವಿಭಜಿತ ಮಧ್ಯಪ್ರದೇಶದಲ್ಲಿ 1989ರಿಂದ 1994ರವರೆಗಿನ ಐದು ವರ್ಷಗಳಲ್ಲಿ 735 ಮಂದಿ ಕರಡಿ ದಾಳಿಗೆ ಒಳಗಾಗಿದ್ದರು. ಅವರಲ್ಲಿ 48 ಮಂದಿ ಮೃತರಾದರು. ಛತ್ತೀಸ್‌ಗಢದ ಉತ್ತರ ಬಿಲಾಸ್‌ಪುರ ಅರಣ್ಯ ವಿಭಾಗವೊಂದರಲ್ಲೇ 1998ರಿಂದ 2000ದ ನಡುವೆ 137 ದಾಳಿಗಳು ನಡೆದು 11 ಜನ ಪ್ರಾಣ ಕಳೆದುಕೊಂಡರು. ಹೋಲಿಕೆಗೆ ಹೇಳುವುದಾದರೆ, ಜಗತ್ತಿನಾದ್ಯಂತ ಕಂದು ಕರಡಿಗಳ ದಾಳಿಗಳನ್ನು ಲೆಕ್ಕಹಾಕಿ 2019ರಲ್ಲಿ ಪ್ರಕಟವಾದ ಅಧ್ಯಯನವು 2000ರಿಂದ 2015ರವರೆಗೆ 664 ದಾಳಿಗಳನ್ನು, 95 ಸಾವುಗಳನ್ನು ದಾಖಲಿಸಿದೆ. ಅಮೆರಿಕದ ಗ್ರಿಜ್ಲಿ ಕರಡಿಯ ಬಗ್ಗೆ ಚಲನಚಿತ್ರಗಳೂ ಪುಸ್ತಕಗಳೂ ಬಂದಿವೆ. ನಮ್ಮಲ್ಲಿ ಗಾಯಗೊಳ್ಳುವವರು ಹಿಪ್ಪೆ ಹೂ, ಬೀಡಿ ಎಲೆ, ಅಣಬೆ ಆಯಲು ಬರಿಗಾಲಿನಲ್ಲಿ ಹೋಗುವ ಬಡವರಾದುದರಿಂದ ಅವರ ಸುದ್ದಿ ಜಿಲ್ಲಾ ಪುಟದಾಚೆ ಬರುವುದು ಅಪರೂಪ.

ಕರ್ನಾಟಕದಲ್ಲಿ

ಬಳ್ಳಾರಿ, ವಿಜಯನಗರ, ಕೊಪ್ಪಳ, ಚಿತ್ರದುರ್ಗ, ತುಮಕೂರು, ಹಾಸನ, ರಾಮನಗರ ಜಿಲ್ಲೆಗಳ ಕಲ್ಲುಗುಡ್ಡಗಳು ಕರಡಿಯ ಸಹಜ ನೆಲೆಗಳು. ಬಂಡೆಗಳ ಸಂದಿಯ ತಂಪು ಗವಿಗಳಲ್ಲಿ ಅವು ಮರಿಹಾಕುತ್ತವೆ. ಹಂಪಿಗೆ ಸಮೀಪದ ದರೋಜಿ ಕರಡಿಧಾಮ 1994ರಲ್ಲಿ ಸ್ಥಾಪನೆಯಾಯಿತು; ಅನಂತರ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲೂ ಕರಡಿಧಾಮ ಘೋಷಣೆಯಾಗಿದೆ. ದರೋಜಿಯಲ್ಲಿ ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿಡುತ್ತಾರೆ. ಸಂಜೆ ಕರಡಿಗಳು ಇಳಿದುಬಂದು ನೆಕ್ಕುವುದನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ಪ್ರವಾಸಿಗರಿಗೆ ಇದು ಆಕರ್ಷಣೆಯಾದರೂ ಕಾಡುಪ್ರಾಣಿಗೆ ತಿನಿಸಿನ ರೂಢಿ ಮಾಡಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಇದ್ದೇ ಇದೆ.

ಧಾಮದ ಗಡಿ ಕರಡಿಗೆ ತಿಳಿಯದು. ಶೇಂಗಾ, ಮೆಕ್ಕೆಜೋಳ, ಬಾಳೆ, ಮಲೆನಾಡಿನ ಅಂಚಿನಲ್ಲಿ ಹಲಸು ಮಾಗಿದಾಗ ಅವು ಹೊಲ ತೋಟಗಳಿಗೆ ಬರುತ್ತವೆ. ಗುಡ್ಡದ ಗುಡಿಗಳಿಗೆ ನುಗ್ಗಿ ದೀಪದ ಎಣ್ಣೆ ಕುಡಿದು, ತೆಂಗಿನಕಾಯಿ ತಿಂದುಹೋಗುವುದೂ ಉಂಟು. ಕಲ್ಲುಗಣಿಗಾರಿಕೆ ಗುಡ್ಡಗಳನ್ನೇ ಕರಗಿಸುತ್ತಿರುವ ಕಡೆ ಗವಿ ಕಳೆದುಕೊಂಡ ಕರಡಿ ಊರಂಚಿನ ಪೊದೆ ಸೇರುತ್ತದೆ. ಹಂದಿಗೆ ಹಾಕಿದ ಉರುಳಿಗೆ ಸಿಕ್ಕಿ, ತೆರೆದ ಬಾವಿಗೆ ಬಿದ್ದು ಸಾಯುವ ಕರಡಿಗಳೂ ಇವೆ.

ಕರ್ನಾಟಕದ ಹಳೆಯ ಪ್ರಕರಣಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಅರಸೀಕೆರೆಯ ಸುತ್ತಲಿನ ಗುಡ್ಡಗಳ ಕರಡಿಯದು. ಬೆಂಗಳೂರಿನ ಬೇಟೆಗಾರ–ಲೇಖಕ ಕೆನೆತ್ ಆಂಡರ್ಸನ್ ತನ್ನ 1957ರ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ. ಅವನ ಪ್ರಕಾರ ಆ ಕರಡಿ ಹನ್ನೆರಡು ಜನರನ್ನು ಕೊಂದು, ಸುಮಾರು ಎರಡು ಡಜನ್ ಜನರನ್ನು ಗಾಯಗೊಳಿಸಿತ್ತು. ಕೊನೆಗೆ ಅವನೇ ಅದನ್ನು ಗುಂಡಿಟ್ಟು ಕೊಂದನು. ಆಂಡರ್ಸನ್ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲಿಕೆಯಲ್ಲಿ ಕನ್ನಡಕ್ಕೆ ತಂದಿರುವುದರಿಂದ ಆತ ನಮ್ಮ ಓದುಗರಿಗೆ ಪರಿಚಿತ. ಬೇಟೆಗಾರನ ನೆನಪು ವೈಜ್ಞಾನಿಕ ದಾಖಲೆಗೆ ಸಮನಲ್ಲವಾದ್ದರಿಂದ ಈ ಅಂಕಿಗಳನ್ನು ಅವನ ಮಾತಾಗಿಯೇ ಗ್ರಹಿಸಬೇಕು.

ಎದುರಾದಾಗ

ಇಬ್ಬರು ಗೆಳೆಯರು, ಒಂದು ಕರಡಿಯ ಕತೆಯನ್ನು ಶಾಲೆಯಲ್ಲಿ ಓದದವರಿಲ್ಲ. ಒಬ್ಬ ಮರ ಹತ್ತಿದ, ಇನ್ನೊಬ್ಬ ಸತ್ತಂತೆ ಮಲಗಿದ. ಕತೆಯ ನೀತಿ ಸ್ನೇಹವನ್ನು ಕುರಿತದ್ದು. ಅದನ್ನು ಕಾಡಿನ ಪಾಠವೆಂದು ಕಲಿಯಬಾರದು. ಮರ ಹತ್ತಿದವನು ಕ್ಷೇಮವೆಂಬುದು ಸುಳ್ಳು, ಏಕೆಂದರೆ ಜೇನಿಗಾಗಿ ಈ ಕರಡಿ ಚೆನ್ನಾಗಿ ಮರ ಹತ್ತುತ್ತದೆ. ಕರಡಿ ಹೆಣವನ್ನು ಮುಟ್ಟುವುದಿಲ್ಲ ಎಂಬುದನ್ನೂ ನಂಬುವಂತಿಲ್ಲ. ಆದರೆ ಕರಡಿ ಮೇಲೆ ಬಿದ್ದಾಗ ನೆಲಕ್ಕೆ ಬೋರಲಾಗಿ ಮಲಗಿ, ಎರಡೂ ಕೈಗಳ ಬೆರಳು ಹೆಣೆದು ಕುತ್ತಿಗೆಯ ಹಿಂಭಾಗವನ್ನು ಮುಚ್ಚಿಕೊಳ್ಳಬೇಕೆಂದು ತಜ್ಞರು ಸಲಹೆ ನೀಡುತ್ತಾರೆ. ಮುಖ, ಗಂಟಲು, ಹೊಟ್ಟೆ ಉಳಿಯುವುದೇ ಇದರ ಉದ್ದೇಶ. ಕರಡಿ ದೂರ ಹೋಗುವವರೆಗೆ ಏಳಬಾರದು.

ದೂರದಲ್ಲೇ ಕಂಡರೆ ಓಡದೆ, ಅದರತ್ತ ಮುಖವಿಟ್ಟುಕೊಂಡೇ ಮೆಲ್ಲನೆ ಹಿಂದೆ ಸರಿಯಬೇಕು. ಮರಿಗಳಿದ್ದರೆ ತಾಯಿಗೂ ಮರಿಗೂ ನಡುವೆ ಸಿಲುಕಬಾರದು. ಕಲ್ಲೆಸೆಯುವುದು, ಗುಂಪುಗೂಡಿ ಅಟ್ಟುವುದು ಅತ್ಯಂತ ಅಪಾಯಕರ. ಊರಿಗೆ ಬಂದ ಕರಡಿ ಕಂಗಾಲಾಗಿ ಹಲವರ ಮೇಲೆರಗುವುದು ಇಂತಹ ಸಂದರ್ಭಗಳಲ್ಲೇ. ಎಲ್ಲಕ್ಕಿಂತ ಮುಖ್ಯವಾದದ್ದು ಕರಡಿಯನ್ನು ಬೆಚ್ಚಿಬೀಳಿಸದಿರುವುದು: ಗುಂಪಾಗಿ ಮಾತಾಡುತ್ತ ನಡೆಯುವುದು, ಕೋಲಿನಿಂದ ಪೊದೆ ಬಡಿಯುವುದು, ನಸುಕು ಮುಸ್ಸಂಜೆಗಳಲ್ಲಿ ಒಂಟಿಯಾಗಿ ಹೋಗದಿರುವುದು. ಬಹಿರ್ದೆಸೆಗೆಂದು ಕತ್ತಲಲ್ಲಿ ಹೋದವರೂ ದಾಳಿಗೆ ಸಿಲುಕಿರುವುದರಿಂದ ಮನೆಯ ಶೌಚಾಲಯವೂ ಇಲ್ಲಿ ರಕ್ಷಣೆಯ ಸಾಧನವೇ.

ಗಾಯಾಳುವಿನ ರಕ್ತಸ್ರಾವವನ್ನು ಶುಭ್ರ ಬಟ್ಟೆ ಒತ್ತಿ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಗಾಯಕ್ಕೆ ಅರಿಸಿನ, ಸೊಪ್ಪಿನ ರಸ ಹಚ್ಚಬಾರದು. ಕಾಡುಪ್ರಾಣಿಯ ಕಡಿತವಾದ್ದರಿಂದ ಧನುರ್ವಾಯುವಿನ ಜೊತೆಗೆ ರೇಬೀಸ್ ಚುಚ್ಚುಮದ್ದೂ ಅಗತ್ಯ. ಮುಖದ ಮೂಳೆ, ಚರ್ಮಗಳಿಗೆ ಹಲವು ಬಾರಿ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸಾವು ಅಥವಾ ಗಾಯಕ್ಕೆ ರಾಜ್ಯ ಸರ್ಕಾರ ಪರಿಹಾರಧನ ನೀಡುತ್ತದೆ. ಅದಕ್ಕಾಗಿ ಸಮೀಪದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಬೇಗನೆ ತಿಳಿಸಿ, ವೈದ್ಯಕೀಯ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಬೇಕು.

ಕರಡಿಯ ಸ್ಥಿತಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಕೊಲ್ಲುವುದು, ಹಿಡಿಯುವುದು ಅಪರಾಧ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ‘ಅಪಾಯಕ್ಕೆ ತುತ್ತಾಗಬಹುದಾದ’ ಜಾತಿಯೆಂದು ಗುರುತಿಸಿದೆ. ಬಾಂಗ್ಲಾದೇಶದಲ್ಲಿ ಇದು ಈಗಾಗಲೇ ಇಲ್ಲವಾಗಿದೆ.

ಮೂಗುದಾರ ಹಾಕಿ ಕುಣಿಸುವ ಕರಡಿಯನ್ನು ಹಿಂದಿನ ತಲೆಮಾರಿನವರು ಬೀದಿಬೀದಿಯಲ್ಲಿ ಕಂಡಿದ್ದಾರೆ. ಮಕ್ಕಳ ಭಯ ನಿವಾರಣೆಗೆಂದು ಅದರ ಕೂದಲಿನ ತಾಯಿತವನ್ನೂ ಕಟ್ಟಲಾಗುತ್ತಿತ್ತು. ಈ ಕಸುಬಿನ ಕಲಂದರ್ ಕುಟುಂಬಗಳಿಗೆ ಬೇರೆ ಜೀವನೋಪಾಯ ಕಲ್ಪಿಸಿ ಕರಡಿಗಳನ್ನು ಬಿಡಿಸುವ ಕಾರ್ಯವನ್ನು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕೈಗೊಂಡಿತು. 2009ರಲ್ಲಿ ಕೊನೆಯ ಕುಣಿಯುವ ಕರಡಿಯನ್ನು ಬೆಂಗಳೂರಿನ ಬಳಿ ಒಪ್ಪಿಸಲಾಯಿತು. ಹೀಗೆ ಬಿಡಿಸಿದ ಕರಡಿಗಳಿಗೆ ಆಗ್ರಾ, ಬನ್ನೇರುಘಟ್ಟ ಮುಂತಾದೆಡೆ ಪುನರ್ವಸತಿ ಕೇಂದ್ರಗಳಿವೆ. ಹಲ್ಲು ಕಿತ್ತು, ಮೂತಿ ಚುಚ್ಚಿಸಿಕೊಂಡಿದ್ದ ಈ ಕರಡಿಗಳನ್ನು ಮರಳಿ ಕಾಡಿಗೆ ಬಿಡುವಂತಿರಲಿಲ್ಲ.